ಸೋಪಿಗೆ ಹೋಗದ ಇಂಕು

ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಸಾಂಬಾರ್ ಪುಡಿ ಕಾರ್ಖಾನೆಯಲ್ಲಿ ಪೊಟ್ಟಣಗಳ ಮೇಲೆ ತಾರೀಕು, ಬೆಲೆ, ಬ್ಯಾಚ್ ನಂಬರು ಹೊಡೆಯುವ ಮಷೀನು ನನ್ನದು. ನನ್ನದು ಅಂದರೆ, ಅದರ ಪರ್ಮನೆಂಟ್ ಆಪರೇಟರ್ ನಾನು. ಆ ಪರ್ಮನೆಂಟ್ ಅನ್ನುವ ಮಾತು ಹೇಗೆ ಸೇರಿಕೊಂಡಿತು ಅನ್ನುವುದನ್ನು ಈವರೆಗೆ ಮನೆಯಲ್ಲೂ ಹೇಳಿಲ್ಲ.

ಪೊಟ್ಟಣ ಬೆಲ್ಟಿನ ಮೇಲೆ ಸಾಗಿ ಬರುತ್ತದೆ. ಪಕ್ಕದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಸೆನ್ಸರ್ ಇದೆ, ನಾವೆಲ್ಲ ಅದನ್ನು ಕಣ್ಣು ಅನ್ನುತ್ತೇವೆ. ಕಣ್ಣು ಪೊಟ್ಟಣವನ್ನು ನೋಡಿದ ತಕ್ಷಣ ಮಷೀನು ಇಂಕಿನ ಸಣ್ಣ ಹನಿಗಳನ್ನು ಚಿಮ್ಮಿಸಿ ಅಕ್ಷರ ಮೂಡಿಸುತ್ತದೆ. ಆ ಇಂಕು ಬಿದ್ದಲ್ಲೇ ಒಣಗುತ್ತದೆ. ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ, ಸೀಗೆಪುಡಿಗೂ ಜಗ್ಗುವುದಿಲ್ಲ. ಮಷೀನು ತೊಳೆಯುವ ಒಂದು ದ್ರವವಿದೆ, ಉಗುರುಬಣ್ಣ ತೆಗೆಯುವ ನೀರಿನ ವಾಸನೆಯದು. ಅದಕ್ಕೆ ಮಾತ್ರ ಹೋಗುತ್ತದೆ.

ಇದನ್ನು ನನಗೆ ಕಲಿಸಿದ್ದು ಬೆಲ್ಟಿನ ಆ ತುದಿಯಲ್ಲಿ ಕೂರುತ್ತಿದ್ದ ಅಕ್ಕ. ಸೇರಿದ ಮೊದಲ ವಾರ ನಾನು ನಲ್ಲಿಯ ಹತ್ತಿರ ನಿಂತು ಕೈ ಉಜ್ಜುತ್ತಿದ್ದಾಗ ಬಂದು, "ಉಜ್ಜಿ ಉಜ್ಜಿ ಚರ್ಮ ಸುಲ್ಕೋಬೇಡ ಕಣಪ್ಪ. ಅದು ಸೋಪ್‌ಗೆಲ್ಲ ಹೋಗಲ್ಲ" ಅಂದರು. ಬಟ್ಟೆಗೆ ಆ ದ್ರವ ಹಾಕಿಕೊಂಡು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಒರೆಸಿಕೊಟ್ಟರು. ಬಾಟಲಿ ಇಡುವ ಜಾಗವನ್ನೂ ತೋರಿಸಿದರು.

ಅಕ್ಕ ಮಂಡಕಳ್ಳಿ ಕಡೆಯವರು, ಐವತ್ತರ ಹತ್ತಿರದವರು. ಪ್ರತಿ ಪೊಟ್ಟಣದ ಮೇಲೂ ತಾರೀಕು ಬಿದ್ದಿದೆಯೇ ಅಂತ ನೋಡುವುದು ಅವರ ಕೆಲಸ. ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಒಂಬತ್ತು ವರ್ಷದಿಂದ ಗುತ್ತಿಗೆಯಲ್ಲೇ ಇದ್ದರು, ನಾನು ನಾಲ್ಕು ವರ್ಷದಿಂದ. ಆ ಸಲ ದಸರಾಕ್ಕೆ ಮುಂಚೆಯೇ, ಹಬ್ಬ ಕಳೆದ ಮೇಲೆ ನಮ್ಮ ವಿಭಾಗದಲ್ಲಿ ಒಬ್ಬರನ್ನು, ಒಬ್ಬರನ್ನು ಮಾತ್ರ, ಪರ್ಮನೆಂಟ್ ಮಾಡುತ್ತಾರೆ ಅಂತ ಸುದ್ದಿ ಬಂತು. ಎಲ್ಲರ ಬಾಯಲ್ಲೂ ಅಕ್ಕನೇ. ಐಟಿಐ ಓದಿದ ನನಗೆ ಹೊಟ್ಟೆ ಉರಿದುಹೋಯಿತು. ಎದುರಿಗೆ ಮಾತ್ರ "ನಿಮಗೇ ಆಗ್ಲಿ ಅಕ್ಕ" ಅನ್ನುತ್ತಿದ್ದೆ.

ಆಯುಧಪೂಜೆಯ ದಿನ ಬೆಲ್ಟು ನಿಲ್ಲಿಸಿ, ಎಲ್ಲ ತೊಳೆದು, ಮಷೀನಿಗೆ ಸೇವಂತಿಗೆ ಹಾರ ಹಾಕಿದೆವು. ಪ್ರತಿ ವರ್ಷದಂತೆ ಅಕ್ಕ ಆರತಿಗೆ ನಿಂತರು. ನಾನು ಕುಂಕುಮ ಕಲಸಿಕೊಂಡು ಮಷೀನಿಗೆ ಬೊಟ್ಟು ಇಡುತ್ತಾ ಗಾಜಿನ ಕಣ್ಣಿನ ಹತ್ತಿರ ಬಂದೆ.

"ಕಣ್ಗೆ ಬ್ಯಾಡ ಕಣಪ್ಪ," ಅಂದರು ಅಕ್ಕ. "ಕಣ್ಗೆ ಯಾರಾದ್ರೂ ಕುಂಕುಮ ಇಡ್ತಾರಾ?"

ಸುತ್ತ ನಿಂತವರು ನಕ್ಕರು. ನನ್ನ ಮಷೀನಿನ ವಿಷಯ ನನಗೇ ಹೇಳಿಕೊಡುತ್ತಾರಲ್ಲ ಅಂತ ಸಿಟ್ಟು ಬಂತು. "ಹಣೆ ಎಲ್ಲಿದೆ ಅಂತ ನೀವೇ ತೋರ್ಸಿ ಅಕ್ಕ" ಅಂತ ಹೇಳಿ, ಬೇಕೆಂದೇ ಕಣ್ಣಿನ ಮೇಲೆ ದಪ್ಪಗೆ ಒತ್ತಿದೆ. ಹಬ್ಬ ಮುಗಿಸಿ ಬಂದು ಒರೆಸಿದರಾಯಿತು ಅಂದುಕೊಂಡೆ.

ಜಂಬೂಸವಾರಿಯ ಮರುದಿನ ಕೆಲಸಕ್ಕೆ ಬಂದವರು ಅರ್ಧ ಜನ. ಪೆಟ್ಟಿಗೆಗಳಿಗೆ ಟೇಪು ಹಚ್ಚಲು ಆಳಿರಲಿಲ್ಲ. "ಅಕ್ಕ, ನೀವು ಬಾಕ್ಸ್ ಕಡೆ ಹೋಗಿ. ಪೊಟ್ಟಣ ನಾನ್ ನೋಡ್ಕೋತೀನಿ" ಅಂದೆ. ಕಣ್ಣನ್ನು ಅಂಗಿಯ ತೋಳಿನ ತುದಿಯಲ್ಲಿ ಒಂದು ಸಲ ಉಜ್ಜಿ ಬೆಲ್ಟು ಚಾಲೂ ಮಾಡಿದೆ. ಗಟ್ಟಿಯಾಗಿ ಒಣಗಿದ ಕುಂಕುಮ ಗಾಜಿನ ಮೇಲೆ ಅಷ್ಟಿಷ್ಟು ಉಳಿದೇ ಇತ್ತು. ಕಣ್ಣು ಒಂದು ಪೊಟ್ಟಣ ನೋಡಿತು, ಮುಂದಿನದನ್ನು ಬಿಟ್ಟಿತು. ಅದೇ ಹೊತ್ತಿಗೆ ನಾನು ಫೋನಿನಲ್ಲಿ ಆನೆಗಳ ವಿಡಿಯೋ ನೋಡುತ್ತಿದ್ದೆ. ತುಂಬಿ ಬಂದ ಪೆಟ್ಟಿಗೆಗಳಿಗೆ ಅಕ್ಕ ಟೇಪು ಹಚ್ಚಿ, ಪರೀಕ್ಷೆ ಆಗಿದೆ ಅನ್ನುವ ತಮ್ಮ ನಂಬರಿನ ಸೀಲು ಒತ್ತಿದರು. ನನ್ನ ಮಾತು ನಂಬಿ ಒತ್ತಿದರು.

ಆ ಸಂಜೆ ಎಂದಿನಂತೆ ತೊಳೆದ ಮೇಲೆ ಮಷೀನು ಸರಿಹೋಯಿತು. ಎರಡು ವಾರಕ್ಕೆ ತಾರೀಕಿಲ್ಲದ ಪೊಟ್ಟಣಗಳು ಅಂಗಡಿಗಳಿಂದ ವಾಪಸು ಬಂದವು. ಮ್ಯಾನೇಜರ್ ಮಷೀನು ಬಿಚ್ಚಿಸಿದರು, ಕಣ್ಣಿನ ಅಂಚಿನಲ್ಲಿ ಉಳಿದಿದ್ದ ಕುಂಕುಮ ಸಿಕ್ಕಿತು. ನನ್ನನ್ನು ಒಳಗೆ ಕರೆದರು.

"ಇದನ್ನ ಇಟ್ಟಿದ್ದು ಯಾರಯ್ಯ?"

"ಪೂಜೆ ಮಾಡಿದ್ದು ಅಕ್ಕ ಸಾರ್."

"ಚೆಕ್ ಮಾಡಿದ್ದು?"

"ಸೀಲ್ ಅವರದೇ ಇದೆಯಲ್ಲ ಸಾರ್."

ಹುಡುಕಿದರೂ ಇದರಲ್ಲಿ ಒಂದು ಸುಳ್ಳೂ ಸಿಗುವುದಿಲ್ಲ. ಬಾಗಿಲು ದಾಟುವಾಗ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಅಂದು ನಕ್ಕವರಲ್ಲಿ ಯಾರೂ ಬಾಯಿ ಬಿಡಲಿಲ್ಲ, ಅವರವರ ಕೆಲಸ ಅವರವರಿಗೆ. ಅಕ್ಕನನ್ನು ಕರೆಸಿ ಒಂದು ಮಾತು ಕೇಳುವ ಗೋಜಿಗೂ ಮ್ಯಾನೇಜರ್ ಹೋಗಲಿಲ್ಲ. ಮಾರನೆಯ ದಿನ ಒಂದು ಕಾಗದ ನನ್ನ ಕೈಗೇ ಕೊಟ್ಟು, "ಓದಿ ಹೇಳಿ, ಹೆಬ್ಬೆಟ್ಟು ಹಾಕಿಸ್ಕೊಂಡು ಬಾ" ಅಂದರು.

ಬೆಲ್ಟಿನ ಪಕ್ಕ ನಿಂತು ಓದಿದೆ. ಯಂತ್ರದ ಕಣ್ಣಿಗೆ ಕುಂಕುಮ ಹಚ್ಚಿದ್ದರಿಂದಲೂ, ಪರೀಕ್ಷಿಸದೆ ಸೀಲು ಒತ್ತಿದ್ದರಿಂದಲೂ ಸಂಸ್ಥೆಗೆ ನಷ್ಟವಾಗಿದ್ದು, ನಾಳೆಯಿಂದ ಕೆಲಸಕ್ಕೆ ಬರತಕ್ಕದ್ದಲ್ಲ.

"ಇನ್ನೊಂದ್ಸಲ ಓದು," ಅಂದರು ಅಕ್ಕ.

ಓದಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

"ಕಣ್ಗೆ ಇಟ್ಟಿದ್ದು ನಾನು ಅಂತ ಬರ್ದವ್ರಾ?"

"ಹೂಂ ಅಕ್ಕ."

"ಬಿಡಿಸಿ ಬಿಡಿಸಿ ಚೆನ್ನಾಗೇ ಓದ್ಬುಟ್ಟೆ. ಸರಿ ಬುಡು."

ಸೀಲಿನ ಪ್ಯಾಡು ಒಣಗಿತ್ತು. ಹೊಸದನ್ನು ಹುಡುಕುವಷ್ಟು ಹೊತ್ತು ಅವರೆದುರು ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಮಷೀನಿನ ಇಂಕಿನ ಬಾಟಲಿಯ ಮುಚ್ಚಳ ತೆಗೆದು, ಅದಕ್ಕೆ ಅಂಟಿದ್ದ ಇಂಕನ್ನೇ ಅವರ ಎಡ ಹೆಬ್ಬೆರಳಿಗೆ ಸವರಿ ಕಾಗದಕ್ಕೆ ಒತ್ತಿಸಿದೆ. ಗುರುತು ಗೆರೆಗೆರೆಯಾಗಿ ಚೊಕ್ಕವಾಗಿ ಬಿತ್ತು.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒರೆಸಿಕೊಡು ಅನ್ನುವಂತೆ ಹೆಬ್ಬೆರಳನ್ನು ನನ್ನ ಮುಂದೆಯೇ ಹಿಡಿದಿದ್ದರು. ತೊಳೆಯುವ ದ್ರವದ ಬಾಟಲಿ ಪಕ್ಕದ ಮೇಜಿನ ಮೇಲೇ ಇತ್ತು, ಬಟ್ಟೆ ನನ್ನ ಹೆಗಲ ಮೇಲೆ. ಒರೆಸಬೇಕೆಂದರೆ ಆ ಕೈಯನ್ನು ಹಿಡಿದುಕೊಳ್ಳಬೇಕಿತ್ತು.

"ಮನೇಲಿ ಸೋಪ್ ಹಾಕಿ ತೊಳ್ಕೊಳ್ಳಿ ಅಕ್ಕ," ಅಂದೆ. "ಹೋಗುತ್ತೆ."

ಅವರು ಮೇಜಿನ ಮೇಲಿನ ಬಾಟಲಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ "ಹೂಂ ಕಣಪ್ಪ" ಅಂದು, ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಊಟದ ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೊರಟರು.