ಬೇಲಿಯ ಆಚೆಯವರು

ಗುರುವಾಯನಕೆರೆಯ ಗ್ಯಾರೇಜೊಂದರ ಮೆಟ್ಟಿಲಲ್ಲಿ ಕುಳಿತಿದ್ದಾಗ ಆ ವಾಸನೆ ಮತ್ತೆ ಬಂತು. ಕಕ್ಕಿಂಜೆಗೆ ಹೊರಟಿದ್ದ ನನ್ನ ಸ್ಕೂಟರಿನ ಬ್ರೇಕ್ ಕೇಬಲ್ ದಾರಿಯಲ್ಲಿ ತುಂಡಾಗಿತ್ತು. ಮೆಕ್ಯಾನಿಕ್ ಹಳೆಯ ತಂತಿಯನ್ನು ಅದರ ಕರಿಯ ಕೊಳವೆಯಿಂದ ಎಳೆದು ತೆಗೆದು, ಬೆರಳಿಗೆ ಸುತ್ತಿ, ನನ್ನ ಕಾಲಿನ ಬಳಿ ಎಸೆದ. ಹಳೆ ಗ್ರೀಸು, ತುಕ್ಕು, ಬಿಸಿಲಿಗೆ ಕಾದ ಕಬ್ಬಿಣ, ಇವೆಲ್ಲ ಸೇರಿದ ವಾಸನೆ. ತಂತಿಯ ತುದಿಯಲ್ಲಿ ಎಳೆಗಳು ಬಿಚ್ಚಿಕೊಂಡು ಸೆಟೆದು ನಿಂತಿದ್ದವು. ನಾನು ಎದ್ದು ರಸ್ತೆ ದಾಟಿ, ಮೂಡುಬಿದಿರೆಯ ಬಸ್ಸು ನಿಲ್ಲುವಲ್ಲಿ ಅದರ ಹೊಗೆಯೊಳಗೆ ಹೋಗಿ ನಿಂತೆ. "ಎಂತ ಆಯ್ತು ಅಕ್ಕಾ, ಈಗ ಆಗ್ತದೆ, ಕೂತ್ಕೊಳ್ಳಿ" ಎಂದು ಅವನು ಕರೆದ. ಏನೂ ಇಲ್ಲ ಎಂದೆ. ಒಂದು ವಾಸನೆಗೆ ಹೆದರಿ ಎದ್ದುಬಂದೆ ಎಂದು ಯಾರಿಗೆ ಹೇಳುವುದು? ನಿಮಗೂ ಇಂಥದೊಂದು ವಾಸನೆ ಇರಬಹುದು. ಇಲ್ಲದಿದ್ದರೆ ಒಳ್ಳೆಯದು.

ಪುತ್ತಿಗೆಯ ನಮ್ಮ ಮನೆ ಈಗ ಇಲ್ಲ. ಕೆಂಪುಕಲ್ಲಿನ ಗೋಡೆ, ಹಿಂದುಗಡೆ ದನದ ಹಟ್ಟಿ, ಹಟ್ಟಿಯ ಹಿಂದೆ ಗೆಣಸಿನ ಸಾಲು, ಸಾಲು ಮುಗಿಯುವಲ್ಲಿ ಗೊಬ್ಬರಗಿಡದ ಬೇಲಿ, ಅದರಾಚೆ ಗುಡ್ಡ. ಅಪ್ಪ ಗಲ್ಫಿನಲ್ಲಿದ್ದುದರಿಂದ ನಾನೂ ಅಮ್ಮನೂ ಅಜ್ಜಿಯ ಮನೆಯಲ್ಲೇ ಇದ್ದೆವು. ಅಮ್ಮನ ತಮ್ಮ ಜಗ್ಗು ಮಾವ ಜೊತೆಗಿದ್ದ. ಬೆಳಗ್ಗೆ ಸೊಳ್ಳೆಗೆಂದು ಹಟ್ಟಿಯಲ್ಲಿ ಹಾಕಿದ ಹೊಗೆ ಹೆಂಚಿನ ಸಂದಿನಿಂದ ಇಳಿದು ಗಂಜಿಯ ಹಬೆಯೊಂದಿಗೆ ಬೆರೆಯುತ್ತಿತ್ತು. ಆ ಹೊಗೆಯಲ್ಲಿ ಕುಳಿತು ಅಜ್ಜಿ ತುಳುವಿನಲ್ಲಿ ಎಲ್ಲರನ್ನೂ ವಿಚಾರಿಸುತ್ತಿದ್ದಳು. ಅವಳ ಮಾತಿಗೆ ಒಂದು ಕ್ರಮ ಇತ್ತು. ಬೇಲಿಯ ಒಳಗಿನವರೆಲ್ಲ ಏಕವಚನ. ಹಸು ಅವಳು, ನಾಯಿ ಅವ, ಬೆಕ್ಕು ಅವಳು. ಬೈಗುಳವೂ ಮುದ್ದೂ ಅವರಿಗೇ. "ಎಲ್ಲಿ ಹಾಳಾಗಿ ಹೋದ ಅವ?" ಎಂದು ಅಜ್ಜಿ ಕೂಗಿದರೆ, ನಾಯಿಯೋ ಜಗ್ಗುವೋ ಎಂದು ಅಮ್ಮ ತಿರುಗಿ ಕೇಳಬೇಕಿತ್ತು. ಬೇಲಿಯ ಆಚೆಯಿಂದ ಬರುವವರಿಗೆ ಮಾತ್ರ ಬಹುವಚನ. ಹಂದಿ, ನರಿ, ಮುಳ್ಳುಹಂದಿ, ಹೆಬ್ಬಾವು, ಎಲ್ಲವೂ "ಅವರು". "ನಿನ್ನೆ ಅವರು ಬಂದಿದ್ದರು, ಕಡೆಯ ಸಾಲು ಉಂಡು ಹೋಗಿದ್ದಾರೆ" ಎನ್ನುತ್ತಿದ್ದಳು. ಅದು ಭಕ್ತಿಯೂ ಅಲ್ಲ, ಭಯವೂ ಅಲ್ಲ. ಹಂದಿಗೆ ಯಾಕೆ ಮರ್ಯಾದೆ ಎಂದು ನಾನು ಕೇಳಿದ್ದಕ್ಕೆ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ, "ಪರಿಚಯ ಇಲ್ಲದವರನ್ನು ನೀನು ತಾನು ಎನ್ನುವುದುಂಟಾ?" ಎಂದಳು.

ಜಗ್ಗು ಮಾವನಿಗೆ ಇದು ದಿನದ ತಮಾಷೆ. "ಅಮ್ಮಾ, ನಿನ್ನ ನೆಂಟರು ಕೈ ತೊಳೆಯದೆ ಹೋಗಿದ್ದಾರೆ, ಸಾಲಿಡೀ ಎಂಜಲು" ಎಂದು ಬೆಳಗ್ಗೆ ಹಿತ್ತಲಿನಿಂದಲೇ ಕೂಗುತ್ತಿದ್ದ. "ಅವರು ಉಂಡದ್ದು ಅವರ ಮೈಯಲ್ಲಿ ಕಾಣ್ತದೆ. ನೀನು ಉಂಡದ್ದು ಎಲ್ಲಿಗೆ ಹೋಗ್ತದೆ?" ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ಊರಿಗೆಲ್ಲ ಮಾವ ಏಕವಚನದವನೇ. ಯಾರ ಪಂಪು ಕೆಟ್ಟರೂ, ಯಾರ ಹೆಂಚು ಜಾರಿದರೂ ಅಂಗಳದಲ್ಲಿ ನಿಂತು "ಜಗ್ಗು ಉಂಟಾ, ಅವನನ್ನು ಸ್ವಲ್ಪ ಕಳಿಸಿ" ಎನ್ನುವವರು. ನನ್ನ ಓರಗೆಯ ಮಕ್ಕಳೂ "ಬಾ ಮಾರಾಯ ಜಗ್ಗಣ್ಣ" ಎಂದು ಅವನ ಅಂಗಿ ಹಿಡಿದು ಎಳೆಯುತ್ತಿದ್ದರು. ತಿರುವಿನಲ್ಲಿ ಜೀನಸು ಅಂಗಡಿ ಇಟ್ಟಿದ್ದ ಹಸನ್ ಬ್ಯಾರಿ ತನ್ನ ತಮ್ಮನ ಕೈಯಿಂದ ಅವನಿಗೊಂದು ಗಲ್ಫ್ ವೀಸಾ ಮಾಡಿಸುತ್ತಿದ್ದರು. ಇನ್ನೇನು ಹೊರಡುವುದು ಎನ್ನುವಾಗ ಮಾವ ಬೇಲಿಯ ಕಂಡಿಗೆ ಬೈಕಿನ ಹಳೆ ಬ್ರೇಕ್ ಕೇಬಲ್ ಹೆಣೆದು ಉರುಳು ಕಟ್ಟಿದ. ತಾನು ಹೋದ ಮೇಲೆ ಮನೆಯವರಿಗೆ ಗೆಣಸಾದರೂ ಉಳಿಯಲಿ ಎಂದು. ಅಜ್ಜಿ ಅದನ್ನು ತೆಗೆ ಎಂದಳು. "ಹಂದಿಗೆ ಮಾತ್ರ ಅಮ್ಮಾ." "ಬಂದವರು ಯಾರು ಎಂದು ನಿನ್ನ ಕುಣಿಕೆ ಕೇಳ್ತದಾ?" ಮಾವ ನಕ್ಕ. ಉರುಳು ಅಲ್ಲೇ ಉಳಿಯಿತು.

ಅದಕ್ಕೆ ಚಿರತೆ ಬಿತ್ತು. ಬೆಳಗ್ಗೆ ಹಸು ಹಗ್ಗ ಹರಿಯುವಂತೆ ಎಳೆಯುತ್ತಿದ್ದುದನ್ನು ನೋಡಿ ನಾವು ಹಿತ್ತಲಿಗೆ ಓಡಿದೆವು. ಮುಂದಿನದರಲ್ಲಿ ನಾನು ಹಟ್ಟಿಯ ಗೋಡೆಯ ಮೇಲೆ ನಿಂತು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕೇಬಲ್ ಅದರ ಸೊಂಟವನ್ನು ಹಿಡಿದಿತ್ತು. ಅರ್ಧ ಮೈ ಬೇಲಿಯ ಈಚೆ, ಅರ್ಧ ಆಚೆ. ತಂತಿ ಚರ್ಮವನ್ನು ಕತ್ತರಿಸಿ ಒಳಗೆ ಹೋಗಿದ್ದರಿಂದ ಅಲ್ಲಿ ಕೆಂಪು ಪಟ್ಟಿಯೊಂದೇ ಕಾಣುತ್ತಿತ್ತು. ಕಾಲು ತಲುಪುವಷ್ಟು ಜಾಗದ ಮಣ್ಣೆಲ್ಲ ಉತ್ತಂತಾಗಿತ್ತು. ಸುದ್ದಿ ಹೇಗೆ ಹೋಯಿತೋ, ಬಿಸಿಲು ಏರುವ ಮೊದಲೇ ಹಿತ್ತಲು ತುಂಬಿತು. ಮೊಬೈಲು ಎತ್ತಿ ಹಿಡಿದವರು, ಮರ ಹತ್ತಿದವರು. "ಇತ್ತ ನೋಡು ಮಾರಾಯ, ಫೋಟೋಕ್ಕೆ ಒಂದು ಪೋಸು ಕೊಡು." "ಏ, ಹಲ್ಲು ತೋರಿಸು ಮಗನೇ!" ಯಾರೋ ತೆಂಗಿನ ಸಿಪ್ಪೆ ಎಸೆದರು. ಅದು ಅದರ ಮೂಗಿಗೆ ಬಡಿದಾಗ ಶಿಳ್ಳೆ ಬಿತ್ತು. ಅಜ್ಜಿ ಸೆರಗು ಸಿಕ್ಕಿಸಿ ಜನರ ಎದುರಿಗೆ ಬಂದು ನಿಂತಳು. "ಹೀಗೆ ಸುತ್ತ ನಿಂತರೆ ಅವರು ಹೇಗೆ ಹೋಗುವುದು? ದಾರಿ ಬಿಡಿ ಅವರಿಗೆ." "ಅವರಿಗೊಂದು ಕುರ್ಚಿ ಹಾಕುವ ಅಜ್ಜಿ!" ಎಂದ ಒಬ್ಬ. ಎಲ್ಲರೂ ನಕ್ಕರು. ಆ ನಗುವಿಗೆ ಚಿರತೆ ಎಗರಿತು, ತಂತಿ ಬಿಗಿಯಿತು, ಅದು ಬಿದ್ದಿತು. ಬಿದ್ದದ್ದಕ್ಕೂ ನಕ್ಕರು.

ಮಾವ ನಗಲಿಲ್ಲ. ಅರಣ್ಯ ಇಲಾಖೆಗೆ ಫೋನು ಹೋಗಿತ್ತು. ಅರಿವಳಿಕೆ ಕೊಡುವ ಡಾಕ್ಟರು ದೂರದಿಂದ ಬರಬೇಕಿತ್ತು. ಅವರು ಬರುವಾಗ ಚಿರತೆ ಉರುಳಿನಲ್ಲಿದ್ದರೆ ಉರುಳು ಯಾರದು ಎಂಬ ಪ್ರಶ್ನೆ ಬರುತ್ತದೆ. ಕೇಸಾದರೆ ವೀಸಾ ಇಲ್ಲ. ಅವನು ಕಟಿಂಗ್ ಪ್ಲೇಯರ್ ತೆಗೆದುಕೊಂಡು ಬೇಲಿಯ ಉದ್ದಕ್ಕೆ ಬಗ್ಗಿ ಹೋಗುವುದನ್ನು ಹಸನ್ ಬ್ಯಾರಿ ಮೊದಲು ಕಂಡರು. "ಜಗ್ಗು, ಬೇಡ! ವೀಸಾ ಹೋದರೆ ಇನ್ನೊಂದು ಮಾಡುವ, ಹಿಂದೆ ಬಾ!" ಮಾವ ಕೇಬಲ್ ಕಟ್ಟಿದ್ದ ಗೂಟದ ಬಳಿ ಕುಳಿತು ಒಂದು ಎಳೆ ಕತ್ತರಿಸಿದ. ಇನ್ನೊಂದಕ್ಕೆ ಪ್ಲೇಯರ್ ಇಟ್ಟಾಗ ಉಳಿದ ಎಳೆಗಳು ತಾವಾಗಿಯೇ ಹರಿದವು.

ಅದು ಗುಡ್ಡದ ಕಡೆಗೆ ಓಡಬಹುದಿತ್ತು. ಆ ಬದಿಯಲ್ಲೂ ಜನ ನಿಂತಿದ್ದರು. ಸುಮ್ಮನೆ ಕುಳಿತಿದ್ದವನು ಮಾವ ಒಬ್ಬನೇ. ಅದು ಮೊದಲು ಅವನ ಹೆಗಲಿಗೆ ಬಿತ್ತು, ಆಮೇಲೆ ಮುಖಕ್ಕೆ. ಮಾವನ ಕೈಗಳು ಅದರ ಕುತ್ತಿಗೆಯ ರೋಮದೊಳಗೆ ಹೋದದ್ದನ್ನು ಕಂಡೆ. ಮುದ್ದು ಮಾಡುವವನ ಹಾಗೆಯೇ ಕಾಣುತ್ತಿತ್ತು. ಅವನು ಕೂಗಲಿಲ್ಲ. ಕೂಗಲು ಬಾಯಿ ಇರಲಿಲ್ಲ. ಆಗ ಜನ ನುಗ್ಗಿದರು. ಹಾರೆ, ಬೇಲಿಯಿಂದ ಕಿತ್ತ ಗೂಟ, ನಮ್ಮ ಹಟ್ಟಿಯ ಅಗುಳಿ. ಮೊದಲ ಪೆಟ್ಟಿಗೇ ಚಿರತೆ ಮಾವನನ್ನು ಬಿಟ್ಟಿತ್ತು. ಇದು ಖಚಿತ, ನಾನು ನೋಡಿದ್ದೇನೆ. ಆ ಪೆಟ್ಟಿನ ಮೇಲೆ ಅದರ ಹಿಂಗಾಲುಗಳಿಗೆ ಏಳುವ ಶಕ್ತಿ ಇರಲಿಲ್ಲ. ಮುಂಗಾಲಿನಲ್ಲೇ ತೆವಳಿ ಗೆಣಸಿನ ಬಳ್ಳಿಯೊಳಗೆ ಹೋಗಲು ನೋಡಿತು. ಹೊಡೆಯುವವರು ಅದರ ಹಿಂದೆಯೇ ಹೋದರು. ಬಹಳ ಹೊತ್ತು ಹೊಡೆದರು. ಗರ್ಜನೆ ನಿಂತು ಬೆಕ್ಕಿನಂಥ ಸ್ವರ ಬಂತು, ಅದೂ ನಿಂತಿತು, ಪೆಟ್ಟಿನ ಸದ್ದು ಒದ್ದೆಯಾಯಿತು. ಆಮೇಲೂ ಹೊಡೆದರು. ಒಬ್ಬ ಬಾಲ ಹಿಡಿದು ಎತ್ತಿದ. ಇನ್ನೊಬ್ಬ ಕೋಲಿನಿಂದ ತುಟಿ ಸರಿಸಿ ಹಲ್ಲು ನೋಡಿದ. ಹೀಗೆ ಹೊಡೆಯುವವರಲ್ಲಿ ನನಗೆ ಪರಿಚಯವಿಲ್ಲದ ಒಂದು ಮುಖವೂ ಇರಲಿಲ್ಲ. ಈಚೆ ಬದಿಯಲ್ಲಿ ಅಜ್ಜಿ ಮಾವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಕೆನ್ನೆ ಇರಬೇಕಾದಲ್ಲಿ ಬೈರಾಸನ್ನು ಮಡಚಿ ಒತ್ತಿ ಹಿಡಿದಿದ್ದಳು. ಹಸನ್ ಬ್ಯಾರಿ ತಮ್ಮ ಓಮ್ನಿಯನ್ನು ಹಿತ್ತಲಿನವರೆಗೆ ತಂದು, ಅವನನ್ನು ಎತ್ತಿ ಮಲಗಿಸಿ, ಮಂಗಳೂರಿಗೆ ಓಡಿಸಿದರು.

ಮಾವ ಬದುಕಿದ. ಕೇಸಾಯಿತು, ವೀಸಾ ಹೋಯಿತು, ಎಡಗಣ್ಣು ಹೋಯಿತು. ಬಾಯಿ ಒಂದು ಬದಿಗೆ ಹೊಲಿದ ಚೀಲದಂತಾಯಿತು. ಆಸ್ಪತ್ರೆಯಿಂದ ಬಂದ ದಿನ ಅವನನ್ನು ನೋಡಲು ಬಂದವರು ಜಗಲಿಯ ತುದಿಯಲ್ಲಿ ಚಪ್ಪಲಿ ಬಿಟ್ಟು, ಮದುವೆಮನೆಗೆ ಬಂದವರಂತೆ ಕೈ ಕಟ್ಟಿ ಕುಳಿತರು. ಪಂಪು ಕೆಟ್ಟವರು ಮತ್ತೆ ಬರತೊಡಗಿದರು. ಆದರೆ ಅಂಗಳದಲ್ಲೇ ನಿಂತು ನೆಲ ನೋಡುತ್ತಾ, "ಜಗನ್ನಾಥಣ್ಣ ಇದ್ದಾರಾ? ಅವರಿಗೆ ಪುರುಸೊತ್ತು ಉಂಟಾ?" ಎನ್ನುತ್ತಿದ್ದರು. ಅವನ ಅಂಗಿ ಎಳೆಯುತ್ತಿದ್ದ ಮಕ್ಕಳು "ನೀವು" ಎಂದರು, ಅಷ್ಟು ಹೇಳಿ ಓಡಿದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಾವ ಮೊದಮೊದಲು, "ಏ, ನಾನು ಜಗ್ಗು ಮಾರಾಯ!" ಎಂದು ನಗಲು ನೋಡುತ್ತಿದ್ದ. ಆ ಮುಖದಲ್ಲಿ ನಗು ನೋಡುವುದು ಇನ್ನೂ ಕಷ್ಟವಾಗಿತ್ತು. ಊರಿನಲ್ಲಿ ಹಸನ್ ಬ್ಯಾರಿ ಒಬ್ಬರೇ ಕಡೆಯವರೆಗೆ ಅವನಿಗೆ ನೀನು ಎಂದೇ ಬೈಯುತ್ತಿದ್ದರು. ಅದಕ್ಕೇ ಇರಬೇಕು, ಅವನು ಸಂಜೆಯೆಲ್ಲ ಅವರ ಅಂಗಡಿಯ ಅಕ್ಕಿಚೀಲದ ಮೇಲೆ ಕುಳಿತಿರುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಹಸನ್ ಬ್ಯಾರಿ ತೀರಿಹೋದರು. ಒಂದು ಮಧ್ಯಾಹ್ನ ಮಾವ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಅಜ್ಜಿ ಒಳಗಿನಿಂದ ಅಮ್ಮನಿಗೆ ಹೇಳಿದಳು, "ಗಂಜಿ ಆರಿದೆ, ಅವರಿಗೆ ಬಡಿಸು."

ಅಜ್ಜಿಯ ಸೌಟು ಹಿಡಿದ ಕೈ ಅಲ್ಲೇ ನಿಂತಿತು. ತಾನು ಏನು ಹೇಳಿದೆ ಎಂಬುದು ಅವಳಿಗೆ ತಿಳಿದದ್ದನ್ನು ನಾನು ಅವಳ ಮುಖದಲ್ಲಿ ಕಂಡೆ. ಸರಿಮಾಡಲು ಬಾಯಿ ತೆರೆದಳು, ಹೇಗೆ ಎಂದು ಗೊತ್ತಾಗಲಿಲ್ಲ. ಮಾವ ಬಂದು ಕುಳಿತು ಉಂಡ, ತಟ್ಟೆ ತೊಳೆದಿಟ್ಟ. ಅದೇ ವಾರ ಕಕ್ಕಿಂಜೆಯ ಆಚೆ ಘಾಟಿಯ ಬುಡದಲ್ಲಿರುವ ಒಂದು ರಬ್ಬರ್ ತೋಟಕ್ಕೆ ಕೆಲಸಕ್ಕೆ ಹೋದ. ಅಜ್ಜಿ ಸತ್ತಾಗ ಬಂದು ದೂರದಲ್ಲಿ ನಿಂತಿದ್ದ. ಮನೆ ಮಾರಾಟವಾಯಿತು, ಕೆಂಪುಕಲ್ಲು ಲಾರಿಯಲ್ಲಿ ಹೋಯಿತು. ಗುಡ್ಡವನ್ನೂ ಹಿತ್ತಲನ್ನೂ ಒಂದೇ ಮಟ್ಟಕ್ಕೆ ತಂದು ಸೈಟು ಮಾಡಿದ್ದಾರೆ. ಬೇಲಿ ಯಾವ ಸಾಲಿನಲ್ಲಿತ್ತು ಎಂದು ಈಗ ನನಗೂ ತೋರಿಸಲು ಬರುವುದಿಲ್ಲ.

ಕೇಬಲ್ ಸರಿಯಾದ ಮೇಲೆ ನಾನು ಕಕ್ಕಿಂಜೆಗೆ ಹೋದೆ. ಅಮ್ಮನಿಗೆ ಮೈ ಹುಷಾರಿಲ್ಲ, ತಮ್ಮನನ್ನು ಮನೆಗೆ ಕರೆದುಕೊಂಡು ಬಾ ಎಂದಿದ್ದಳು. ಇನ್ನು ಮುಂದೆ ನಮ್ಮ ಜೊತೆಗೇ ಇರಲಿ ಎಂದು. ರಬ್ಬರ್ ಹಾಳೆ ಒಣಗಿಸುವ ಶೆಡ್ಡಿನ ಪಕ್ಕದ ಕೋಣೆಯ ಎದುರು ಮಾವ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಯಾರೆಂದು ಕೂಡಲೇ ಗೊತ್ತಾಯಿತು ಅವನಿಗೆ. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಅಂಗೈಯಿಂದ ಒರೆಸಿ ನನ್ನ ಮುಂದೆ ಇಟ್ಟ. "ಕೂತುಕೊಳ್ಳಿ. ಎಷ್ಟು ದೂರ ಬಂದಿರಿ. ಚಾ ಕುಡಿಯುತ್ತೀರಾ?"

ಚಿಕ್ಕಂದಿನಲ್ಲಿ ಇದೇ ಮಾವನ ಬೆನ್ನೇರಿ, ಕಿವಿ ಹಿಡಿದು, "ಓಡು, ಓಡು ನೀನು" ಎಂದವಳು ನಾನು. ಮನೆಗೆ ಹೋಗುವ ಬಾ ಮಾವ ಎನ್ನಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು, "ನೀವು ಹೇಗಿದ್ದೀರಿ?"

"ಹೀಗೆ ಉಂಟು" ಎಂದ. ಎರಡು ಲೋಟ ಚಾ ತಂದು, ನನ್ನಿಂದ ಸ್ವಲ್ಪ ದೂರದಲ್ಲಿ, ನೆಟ್ಟಗಿರುವ ಕೆನ್ನೆ ನನ್ನ ಕಡೆಗೆ ಇರುವಂತೆ ತಿರುಗಿ ಕುಳಿತ.