ಹತ್ತನೆಯ ಹೆಸರು

ನಾನು ಧಾರವಾಡದ ಮಾಳಮಡ್ಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ಕಾಗದಪತ್ರಗಳಲ್ಲಿ ನನ್ನ ಹುದ್ದೆಗೆ ‘ವೃತ್ತಿ ಶಿಕ್ಷಣ’ ಎಂಬ ಘನವಾದ ಹೆಸರಿದೆ. ಸ್ಟಾಫ್ ರೂಮಿನಲ್ಲಿ ಮಾತ್ರ ನನ್ನ ಪಿರಿಯಡ್ ಎಂದರೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ವಸ್ತು. ಗಣಿತದ ಪಾಠ ಮುಗಿದಿಲ್ಲವೇ, ಹೊಲಿಗೆಯ ಪಿರಿಯಡ್ ತೆಗೆದುಕೊಳ್ಳಿ. ವಾರ್ಷಿಕ ಗ್ಯಾದರಿಂಗ್‌ಗೆ ಡಾನ್ಸ್ ಕಲಿಸಬೇಕೇ, ಹೊಲಿಗೆಯ ಪಿರಿಯಡ್ ತೆಗೆದುಕೊಳ್ಳಿ. ಇಷ್ಟು ವರ್ಷ ಇದನ್ನೆಲ್ಲ ನುಂಗಿಕೊಂಡು ಬಂದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ಸಲ ಜಗಳ ಮಾಡಿ, ಆಮೇಲೆ ಕೊಟ್ಟಿದ್ದೇನೆ.

ನನ್ನ ಕೋಣೆಯಲ್ಲಿ ಆರು ಹೊಲಿಗೆ ಮಶಿನ್, ಅಡಿಗೆ ಪಾಠಕ್ಕೆ ಒಂದು ಗ್ಯಾಸ್ ಒಲೆ, ಬಾಗಿಲು ಸರಿಯಾಗಿ ಕೂಡದ ಒಂದು ಕಪಾಟು. ಗೋಡೆಯ ಆಚೆ ಹಿಂದಿ ಕ್ಲಾಸು. ಅವರು ಪದ್ಯ ಹೇಳಲು ಶುರು ಮಾಡಿದರೆ ನಮ್ಮ ಹುಡುಗಿಯರು ಬೇಕೆಂದೇ ಮಶಿನ್ ಜೋರಾಗಿ ತುಳಿಯುತ್ತಿದ್ದರು. ನಾನು ಬೈಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಶಾಲೆ ಶುರುವಾದಾಗ ಹೊಸ ವೇಳಾಪಟ್ಟಿ ಬಂತು. ಒಂಬತ್ತನೆಯ ತರಗತಿಯವರಿಗೆ ಹಿಂದಿ, ಹೊಲಿಗೆ ಎರಡೂ ಒಂದೇ ಪಿರಿಯಡ್ಡಿನಲ್ಲಿ. ಹುಡುಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಮನೆಯವರು ಸಹಿ ಹಾಕಬೇಕು. ನಮ್ಮ ಹೆಡ್ ಟೀಚರ್ ನನ್ನನ್ನು ಕರೆದು ಹೇಳಿದರು:

“ಹತ್ತ ಹೆಸರಾದ್ರೂ ಬೇಕ್ರಿ. ಆಗಲಿಲ್ಲಂದ್ರ ಕ್ಲಾಸ್ ಬಂದ್. ನಿಮ್ಮ ರೂಮ್ ಕಂಪ್ಯೂಟರಿಗೆ ಬೇಕಾಗೇತಿ.”

ಒಂಬತ್ತು ಫಾರ್ಮುಗಳಲ್ಲಿ ಹೊಲಿಗೆ ಎಂದಿತ್ತು. ಹತ್ತನೆಯದು ನನಗೆ ಬಹಳ ಬೇಕಾದ ಹುಡುಗಿಯದು. ಎಂಟನೆಯ ತರಗತಿಯಲ್ಲೇ ಅವಳ ಕೈ ಎಷ್ಟು ಕುದುರಿತ್ತೆಂದರೆ, ಅವಳು ಗುಂಡಿಗೆ ಹಾಕಿದ ಕಾಜಾ ನೋಡಿ ನನಗೇ ಹೊಟ್ಟೆಕಿಚ್ಚಾಗಿತ್ತು. ಅವಳ ಫಾರ್ಮಿನಲ್ಲಿ ತಾಯಿಯ ಸಹಿ ಇತ್ತು, ವಿಷಯದ ಜಾಗ ಖಾಲಿ ಇತ್ತು. ಅವಳು ಅದನ್ನು ನನ್ನ ಕೈಗಿಟ್ಟು, ಏನೂ ಹೇಳದೆ ಓಡಿಹೋದಳು.

ನಾನು ಪೆನ್ನು ತೆಗೆದು ಹೊಲಿಗೆಯ ಮುಂದೆ ರೈಟ್ ಹಾಕಿದೆ. ಹೇಗೂ ಅವಳಿಗೆ ಇಷ್ಟ, ನಾಚಿಕೆಯಿಂದ ಬಿಟ್ಟಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾಡಿದ್ದು ಪಕ್ಕಾ ಕಳ್ಳತನ. ಮರುದಿನ ಪಟ್ಟಿಯಲ್ಲಿ ತನ್ನ ಹೆಸರು ನೋಡಿ ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಸುಮ್ಮನೆ ಬಂದು ಮಶಿನ್ ಮುಂದೆ ಕುಳಿತಳು.

ಆ ವರ್ಷ ಹತ್ತೂ ಹುಡುಗಿಯರು ಸೇರಿ ಹಳೆಯ ಯೂನಿಫಾರ್ಮುಗಳಿಂದ ಒಂದು ಕೌದಿ ಹೊಲಿಯಲು ಕುಳಿತರು. ಕೆಳಗೆ ನನ್ನದೇ ಒಂದು ಹಳೆಯ ಸೀರೆ, ಮೇಲೆ ನೀಲಿ ಸ್ಕರ್ಟು, ಬಿಳಿ ಅಂಗಿಗಳ ತುಂಡುಗಳು. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಡುವೆ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಡಬೇಕು. ಅದು ಕೌದಿಯ ಹೊಟ್ಟೆ. ಅದರಲ್ಲಿ ಒಂದು ತುಣುಕು ರೊಟ್ಟಿ ಇಟ್ಟು ಆಮೇಲೆ ಮುಚ್ಚಬೇಕು ಎಂದು ನಮ್ಮ ಅಜ್ಜಿ ಕಲಿಸಿದ್ದಳು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಇರುವೆ ಬರುವುದಿಲ್ಲವೇ ಎಂದು ವಿಜ್ಞಾನದ ಟೀಚರ್ ಕೇಳಿದರು. ಕಡಕ್ ರೊಟ್ಟಿಯ ಚೂರಿಗೆ ಧಾರವಾಡದ ಇರುವೆಗಳೂ ಹಲ್ಲು ಹಾಕಲಾರವು ಎಂದೆ.

ಹೊಟ್ಟೆ ತುಂಬಿಸುವ ದಿನ ಬಂತು. ಜಿಟಿಜಿಟಿ ಮಳೆ. ಕೌದಿಯನ್ನು ನೆಲದ ಮೇಲೆ ಹರವಿ, ಹುಡುಗಿಯರು ಸುತ್ತ ಕುಳಿತು, ಒಬ್ಬೊಬ್ಬಳೂ ಮನೆಯಿಂದ ತಂದ ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಆ ಹುಡುಗಿಯ ತಾಯಿ ನಿಂತಿದ್ದಳು. ಮನೆಯಲ್ಲಿ ಸೀರೆಗಳ ಅಂಚಿಗೆ ಫಾಲ್, ಪಿಕೋ ಮಾಡಿ ಸಂಸಾರ ನಡೆಸುವವಳು. ಸೆರಗು ತೊಯ್ದಿತ್ತು, ಮುಖ ಕೆಂಪಾಗಿತ್ತು.

“ಹಿಂದಿ ವಹಿ, ಪುಸ್ತಕ ಎಲ್ಲಿ ಅಂತ ಕೇಳಿದ್ರ ಸುಮ್ಮನ ನಿಲ್ತಾಳ್ರಿ. ನಾ ಹಿಂದಿಗೆ ರೈಟ್ ಹಾಕು ಅಂತ ಹೇಳಿ ಸಹಿ ಮಾಡಿ ಕೊಟ್ರ, ಇಕಿ...” ಎಂದು ಒಳಗೆ ಬಂದವಳು ನೆಲದ ಮೇಲಿನ ಕೌದಿ ಕಂಡು ತಟ್ಟನೆ ನಿಂತಳು. ಹಿಂದೆ ಸರಿದು ಚಪ್ಪಲಿ ಬಿಟ್ಟು ಬಂದಳು. “ಹೊಟ್ಟಿ ತಗದಿಟ್ಟೀರಿ. ಮೊದಲ ಅದಕ್ಕ ಉಣಸ್ರಿ. ಆಮ್ಯಾಲ ಜಗಳಾ ಮಾಡ್ತೇನಿ.”

ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಚೂರುಗಳನ್ನಿಟ್ಟರು. ಮಗಳ ಸರದಿ ಬಂದಾಗ ತಾಯಿ ತಗ್ಗಿದ ದನಿಯಲ್ಲಿ, “ಅವ್ವನ ಮಾತ ಮೀರಿ ರೈಟ್ ಹಾಕಿದ ಕೈಲೇ ಇಡು, ಇಡು” ಎಂದಳು. ಹುಡುಗಿ ತಲೆ ತಗ್ಗಿಸಿದಳು. ರೈಟ್ ಹಾಕಿದವರು ಯಾರು ಎಂದು ಅವಳಿಗೆ ಗೊತ್ತಿತ್ತು. ನನ್ನ ಹೆಸರು ಹೇಳಲಿಲ್ಲ.

ಹದಿನಾಲ್ಕು ವರ್ಷದ ಹುಡುಗಿ ನನ್ನ ತಪ್ಪನ್ನು ಹೊತ್ತುಕೊಂಡು ಕುಳಿತಿದ್ದಾಳೆ, ನಾನು ದಾರ ಪೋಣಿಸುತ್ತ ಕುಳಿತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಅಕಿ ಹಾಕಿಲ್ರಿ,” ಎಂದೆ. “ಅಕಿ ಖಾಲಿ ಬಿಟ್ಟಿದ್ಲು. ನಾ ಹಾಕೇನಿ. ನನಗ ಹತ್ತು ಹೆಸರು ಬೇಕಾಗಿದ್ದವು.”

ಉಳಿದ ಒಂಬತ್ತು ಹುಡುಗಿಯರೂ ನನ್ನನ್ನೇ ನೋಡಿದರು. ತಾಯಿ ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವಳು ಮೆಲ್ಲನೆ ಹೇಳಿದಳು:

“ಟೀಚರ್, ಹುಬ್ಬಳ್ಳ್ಯಾಗ ಕೇಶ್ವಾಪುರದ ಸೀರಿ ಅಂಗಡಿಗೆ ನಾ ಗಂಟು ಹೊತಗೊಂಡ ಹೋಗ್ತೇನ್ರಿ. ಹಿಂದಿನ ಬಾಗಲದಾಗ ನಿಲ್ಲಸ್ತಾರ. ಹಿಂದಿ, ಇಂಗ್ಲಿಷ್ ಮಾತಾಡೋ ಹುಡುಗೇರು ಮುಂದ ಫ್ಯಾನಿನ ಕೆಳಗ ನಿಂತ ಸೀರಿ ತೋರಸ್ತಾರ. ಸೂಜಿ ನನಗ ಬಂದೇತಿ, ಸಾಕು. ನನ್ನ ಮಗಳು ಮುಂದಿನ ಬಾಗಲಲೇ ಹೋಗಬೇಕ್ರಿ.”

ಇಷ್ಟು ವರ್ಷ ನನ್ನ ವಿದ್ಯೆಯನ್ನು ಕೀಳೆಂದವರ ಮೇಲೆಲ್ಲ ಹರಿಹಾಯ್ದಿದ್ದ ನಾನು ಕೈಯಲ್ಲಿದ್ದ ಸೂಜಿ ಕೆಳಗಿಟ್ಟೆ. ಹುಡುಗಿಯ ಕಡೆ ತಿರುಗಿ, ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ. “ನಿನಗೇನ ಬೇಕವಾ?”

“ಎರಡೂ ಬೇಕ್ರಿ ಟೀಚರ್,” ಎಂದಳು. “ಅದಕ್ಕ ಖಾಲಿ ಬಿಟ್ಟಿದ್ದೆ.”

ಚೂರನ್ನು ಇಟ್ಟಳು. ನಾನು ಹೊಟ್ಟೆ ಮುಚ್ಚಿ ಹೊಲಿದೆ. ಆ ನಡುವಿನ ತುಂಡಿನ ಹೊಲಿಗೆ ಇವತ್ತಿಗೂ ಸೊಟ್ಟಗಿದೆ.

ಅದೇ ದಿನ ಫಾರ್ಮು ತೆಗೆದುಕೊಂಡು ಹೆಡ್ ಟೀಚರ್ ಮುಂದೆ ನಿಂತೆ. ಮಾಡಿದ್ದನ್ನು ಹೇಳಿದೆ, ಬೈಸಿಕೊಂಡೆ, ಹುಡುಗಿಯ ಹೆಸರನ್ನು ಹಿಂದಿಗೆ ಬರೆಸಿದೆ. ಕ್ಲಾಸು ಹೋಯಿತು ಎಂದುಕೊಂಡೇ ಕೊನೆಯದಾಗಿ ಕೇಳಿದೆ: ಶನಿವಾರ ಶಾಲೆ ಬಿಟ್ಟ ಮೇಲೆ ಮಧ್ಯಾಹ್ನ ಕಲಿಸುತ್ತೇನೆ, ಮಶಿನ್‌ಗಳು ಅಲ್ಲೇ ಇರಲಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮ ಹಟಾ ಬಿಡೂದಿಲ್ಲ. ಆತು. ಆದ್ರ ಹತ್ತು ಹೆಸರು ಬೇಕಂದ್ರ ಬೇಕು.”

ಒಂಬತ್ತು ಹುಡುಗಿಯರೂ ಶನಿವಾರ ಬರಲು ಒಪ್ಪಿದರು. ಹತ್ತನೆಯವಳಾಗಿ ಮಗಳನ್ನು ಕಳಿಸಿ ಎಂದು ಆ ತಾಯಿಯನ್ನು ಕೇಳುವ ಮುಖ ನನಗಿರಲಿಲ್ಲ. ಆದರೆ ಮೊದಲ ಶನಿವಾರ ತಾಯಿ ಮಗಳು ಇಬ್ಬರೂ ಬಂದರು. ಮಗಳ ಕೈಯಲ್ಲಿ ಹಿಂದಿ ಪುಸ್ತಕ.

“ಶನಿವಾರ ಅಕಿ ಹಿಂದಿ ಓದಲಿ. ಈ ಕ್ಲಾಸಿಗೆ ನನ್ನ ಹೆಸರು ಬರಕೋರಿ,” ಎಂದಳು ತಾಯಿ. “ಫಾಲ್ ಹಚ್ಚೂದು ಬಿಟ್ರ ನನಗ ಯಾರೂ ಏನೂ ಕಲಸಲಿಲ್ಲ. ಕತ್ತರಿ ಟೇಲರ್ ಮಾಸ್ತರನ ಕೈಯಾಗ ಇರ್ತಿತ್ತು. ನಾ ಇಲ್ಲೆ ಕಟಿಂಗ್ ಕಲತು ಮನ್ಯಾಗ ಅಕಿಗೆ ಕಲಸ್ತೇನಿ. ಎರಡೂ ಬೇಕಂದಾಳಲ್ರಿ.”

ರಜಿಸ್ಟರ್ ತೆಗೆದುಕೊಂಡು ಹೆಡ್ ಟೀಚರ್ ಹತ್ತಿರ ಓಡಿದೆ. ಅವರು ಹೆಸರು ನೋಡಿದರು, ಕಿಟಕಿಯಿಂದ ತಾಯಿಯನ್ನು ನೋಡಿದರು. “ಹತ್ತು ಹೆಸರಂತ ಅಂದಿದ್ದೆ. ವಯಸ್ಸು ಹೇಳಿದ್ದಿಲ್ಲ,” ಎಂದು ಸಹಿ ಹಾಕಿಬಿಟ್ಟರು. ನಮ್ಮ ಹೆಡ್ ಟೀಚರನ್ನು ನಾನು ಹಿಂದೆ ಬೈದದ್ದನ್ನೆಲ್ಲ ಅವತ್ತೇ ವಾಪಸು ತೆಗೆದುಕೊಂಡೆ.

ಹಾಜರಿ ಕರೆದಾಗ ತಾಯಿ ಎದ್ದು ನಿಂತು “ಹಾಜರ್ರಿ ಟೀಚರ್” ಎಂದಳು. ಹುಡುಗಿಯರು ನಕ್ಕರು, ಅವಳೂ ನಕ್ಕಳು. ಹಳೆಯ ಪೇಪರಿನ ಮೇಲೆ ಬ್ಲೌಸಿನ ಮುಂಭಾಗದ ಗೆರೆ ಎಳೆದಳು. ಕತ್ತರಿಯನ್ನು ಗೆರೆಯ ಹತ್ತಿರ ಒಯ್ದು ಮತ್ತೆ ಹಿಂದೆ ತೆಗೆದಳು. ತಪ್ಪಿದರೆ ಇನ್ನೊಂದು ಪೇಪರ್ ಇದೆ ಎಂದೆ. ಹೊರಗೆ ಪಡಸಾಲೆಯಲ್ಲಿ ಮಗಳು ಹಿಂದಿ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವತ್ತು ಮಶಿನ್ ತುಳಿಯುತ್ತಿದ್ದ ಹುಡುಗಿಯರಿಗೆ, ಮೆಲ್ಲಗೆ ತುಳಿಯಿರಿ ಎಂದು ಹೇಳಿದವಳು ನಾನೇ.

ಕತ್ತರಿಸಿ ಮುಗಿಸಿದ ಮೇಲೆ ತಾಯಿ ಆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. “ಇಷ್ಟ ವರ್ಷ ಮಂದಿ ಕತ್ತರಿಸಿದ್ದಕ್ಕ ಅಂಚು ಹಚ್ಚೇನ್ರಿ,” ಎಂದಳು. “ಇದು ನಾ ಕತ್ತರಿಸಿದ್ದು.”

ಮನೆಗೆ ಹೊರಟಾಗ ಮತ್ತೆ ಮಳೆ ಹಿಡಿಯಿತು. ಅವರ ಹತ್ತಿರ ಇದ್ದದ್ದು ಒಂದೇ ಕೊಡೆ. ಮಗಳು ಪುಸ್ತಕವನ್ನೂ ಆ ಕಾಗದವನ್ನೂ ಎದೆಗೆ ಅವುಚಿಕೊಂಡಳು. ತಾಯಿ ಕೊಡೆಯನ್ನು ಪೂರ್ತಿ ಅವಳ ಮೇಲೆ ಹಿಡಿದು, ತಾನು ತೊಯ್ಯುತ್ತ, ಶಾಲೆಯ ಮುಂದಿನ ಬಾಗಿಲಿನಿಂದ ಹೋದಳು.