ಸೊಸೆಗೆ ಎಳೆದ ಜೋಡಿ ಗೆರೆ

೧೯೮೮ರಲ್ಲಿ ನಾನು ತಮಿಳು ಸೀಮೆಯ ತುಡಿಯಲೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದೆ. ರಕ್ತ ತೆಗೆಯುವಾಗ ರೋಗಿಯ ಕೈ ಹಿಡಿಯುವುದು ನನ್ನ ಕೆಲಸ. ಹಿಡಿದ ಕೈಗಳಲ್ಲಿ ಇವತ್ತಿಗೂ ನೆನಪಿರುವುದು ಕಾರಮಡೈ ಊರಿನ ನಂಜಮ್ಮನದು. ಅಂಥ ಹೇಡಿ ಕೈಯನ್ನು ಮತ್ತೆ ಕಂಡಿಲ್ಲ.

ಅವರು ನಮ್ಮಂತೆಯೇ ಕನ್ನಡದವರು, ಮಗ್ಗದವರು. ನಂಜಮ್ಮನ ಮಗ ರಂಗಣ್ಣನ ಇಬ್ಬರು ಮಕ್ಕಳೂ ಹುಟ್ಟುಕಿವುಡರು. ಅವಳ ಅಣ್ಣನ ಮನೆಯಲ್ಲೂ ಅಂಥ ಮಕ್ಕಳಿದ್ದುದರಿಂದ ಬೆಂಗಳೂರಿನ ಡಾಕ್ಟರೊಬ್ಬರು ಎಲ್ಲರ ರಕ್ತ ಕೇಳಿಕೊಂಡು ಬಂದರು.

"ಅಲ್ಲಿ ಅತ್ತಿಗೆ ತಂದದ್ದು, ಇಲ್ಲಿ ಸೊಸೆ ತಂದದ್ದು. ನಮ್ ರಕ್ತ ಸುದ್ದ" ಎಂದಳು ನಂಜಮ್ಮ. ಸೊಸೆ ಲಕ್ಷ್ಮಿಯನ್ನು ಕುನ್ನತ್ತೂರಿನ ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಮದುವೆ ಮಾಡುವ ಹಟ ಅವಳದು. ರಂಗಣ್ಣ ಅಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಅವನನ್ನು ಗಂಡಸು ಎನ್ನಲು ನನಗೆ ನಾಚಿಕೆ.

ಡಾಕ್ಟರು ವಂಶದ ನಕ್ಷೆ ಬರೆಯುತ್ತ ಲಕ್ಷ್ಮಿಯನ್ನು ಹೊರಗಿನಿಂದ ಬಂದವಳೆಂದು ಒಂದು ಬದಿಗೆ ಹಾಕಿದರು.

"ಹೊಸ ಹೆಣ್ಣು ಎಲ್ಲಿಂದ?" ಎಂದು ನಾನೇ ಕೇಳಿದೆ.

"ಎಲ್ಲಿಂದ್ಯಾಕೆ? ಇವಳ ತಂಗಿ ಇಲ್ವಾ? ಅವಳೂ ನನ್ ಮಗಳ ಮಗಳೇ ತಾನೆ!"

ಡಾಕ್ಟರ ಪೆನ್ನು ನಿಂತಿತು. "ಲಕ್ಷ್ಮಿ ಸೊಸೆ ಅಂದಿರಲ್ಲಮ್ಮ?"

"ಇವನ ಅಕ್ಕನ ಮಗಳು ಸೊಸೆ ಅಲ್ದೆ ಇನ್ನೇನು ಸಾರ್? ಏನ್ ಮಾತು ಇದು!"

ಅವರು ಹಳೆಯ ನಕ್ಷೆ ಹರಿದು, ಹೊಸದರಲ್ಲಿ ಗಂಡ ಹೆಂಡತಿಯ ನಡುವೆ ಜೋಡಿ ಗೆರೆ ಎಳೆದರು. ರಕ್ತಸಂಬಂಧದಲ್ಲಿ ಮದುವೆಯಾದವರ ಗುರುತು ಅದು. ಆಮೇಲೆ ಬಿಡಿಸಿ ಹೇಳಿದರು: ಕ್ರೋಮೋಸೋಮುಗಳು ಜೋಡಿ ಎಳೆಗಳಂತೆ, ಒಂದು ಅಪ್ಪನದು, ಒಂದು ಅಮ್ಮನದು. ಅವುಗಳ ಮೇಲೆ ಅಲ್ಲಲ್ಲಿ ಗುರುತುಗಳಿವೆ, ಹೆಸರು ಮಾರ್ಕರ್. ಕಿವುಡ ಮಕ್ಕಳೆಲ್ಲರ ಎರಡೂ ಎಳೆಗಳಲ್ಲಿ ಒಂದೇ ಗುರುತು ಎಲ್ಲಿ ಸಿಗುತ್ತದೋ ಅದರ ಹತ್ತಿರವೇ ಕಿವುಡು ತರುವ ಕೆಟ್ಟ ಜೀನ್ ಇರಬೇಕು.

"ಅದು ನಿಮ್ಮಿಂದಲೇ ಮಗನಿಗೂ ಮಗಳಿಗೂ, ಮಗಳಿಂದ ಲಕ್ಷ್ಮಿಗೂ ಹೋಗಿರಬಹುದು. ತಂಗಿಯನ್ನು ತಂದರೂ ಇದೇ ಭಯ. ನಿಮ್ಮ ರಕ್ತ ಬೇಕು."

ಅಷ್ಟೇ, ಸುದ್ದ ರಕ್ತದವಳ ಕೈ ಸೆರಗಿನೊಳಗೆ ಹೋಯಿತು. "ನನಗೆ ತಲೆ ಸುತ್ತುತ್ತೆ."

ಲಕ್ಷ್ಮಿ ಎದ್ದು ಹತ್ತಿರ ಬಂದಳು. "ಅಜ್ಜೀ, ನನಗೆ ಎರಡು ಸಲ ಚುಚ್ಚಿದ್ರು, ಸತ್ನಾ? ಕೈ ಕೊಡು."

ಮದುವೆಯಾದ ಮೇಲೆ ಅವಳ ಬಾಯಲ್ಲಿ 'ಅತ್ತೆ' ಬಿಟ್ಟು ಬೇರೆ ಮಾತು ಬರಕೂಡದೆಂದು ನಂಜಮ್ಮನ ಕಟ್ಟಪ್ಪಣೆ ಇತ್ತಂತೆ. ಆ ದಿನ ನಂಜಮ್ಮ ತಿದ್ದಲಿಲ್ಲ. ಕೈ ಹೊರಗೆ ಬಂತು, ನಾನು ಹಿಡಿದೆ. ಡಾಕ್ಟರು ಸೂಜಿ ಚುಚ್ಚಿದರು.

ಎರಡನೇ ಮದುವೆಯ ಮಾತು ಅಲ್ಲಿಗೇ ನಿಂತಿತು. ನಂಜಮ್ಮ ಬಿಟ್ಟದ್ದು ಪ್ರೀತಿಯಿಂದಲ್ಲ, ತನ್ನ ಹೆಸರು ಊರಲ್ಲಿ ಹರಿದಾಡೀತೆಂಬ ಹೆದರಿಕೆಯಿಂದ. ಆ ಜೀನ್ ಸಿಕ್ಕಿತೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ. ಆದರೆ ಅಂದಿನಿಂದ ಯಾರಾದರೂ ತಮ್ಮ ರಕ್ತದ ಹೆಮ್ಮೆ ಹೇಳತೊಡಗಿದರೆ, ನಾನು ಮೊದಲು ಅವರ ಕೈ ಎಲ್ಲಿದೆ ಎಂದು ನೋಡುತ್ತೇನೆ.